ಪೂರ್ವೀ ಸ್ಟಾರ್‌ನ ಬೆನ್ನು

ಕೋವಿಡ್ ಹಾವಳಿ ಅಡಗಿದ ಮರುವರ್ಷ. ಸೈನ್ಯದ ರೆಕಾರ್ಡ್ ಆಫೀಸಿನಲ್ಲಿ ಪದಕಗಳ ಕಡತ ನೋಡಿಕೊಂಡು ನಿವೃತ್ತನಾದ ನಾನು, ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಮಾಜಿ ಸೈನಿಕರ ಅರ್ಜಿ ಪರಿಶೀಲಿಸುವ ಕೆಲಸಕ್ಕೆ ಕೂತಿದ್ದೆ. ಪದಕದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಜಂಬ ಬೇರೆ.

ಒಂದು ದಿನ ಸಾಸ್ತೂರ ಕಡೆಯ ಹಳ್ಳಿಯಿಂದ ಭೀಮಾಬಾಯಿ ಬಂದರು. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಊರಿನಲ್ಲಿ ಸೈನಿಕರ ಹೆಸರಿನ ಕಲ್ಲು ನಿಲ್ಲಿಸುವವರಿದ್ದರು. ತೀರಿಕೊಂಡ ಗಂಡ ಮಾಳಪ್ಪನ ಹೆಸರು ಅದರಲ್ಲಿ ಬರಬೇಕಾದರೆ ಯುದ್ಧಕ್ಕೆ ಹೋದದ್ದಕ್ಕೆ ಪುರಾವೆ ಬೇಕು. ಕಾಗದಪತ್ರವೆಲ್ಲ 1993ರ ಭೂಕಂಪದಲ್ಲಿ ಮನೆಯೊಂದಿಗೇ ಮಣ್ಣುಪಾಲಾಗಿತ್ತು. ಅವಶೇಷದಡಿ ಸಿಕ್ಕಿ ಉಳಿದದ್ದು ಒಂದು ಪದಕ.

ಸೆರಗಿನ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟರು. ಐದು ಮೂಲೆಯ ಕಂಚಿನ ನಕ್ಷತ್ರ. 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿ ಇದ್ದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮೀ ಸ್ಟಾರ್. ಎರಡರ ಆಕಾರವೂ ಒಂದೇ; ನಡುವೆ ಸಿಂಹಗಳ ರಾಷ್ಟ್ರಲಾಂಛನ, ಸುತ್ತ ಪದಕದ ಹೆಸರು. ಇದರಲ್ಲಿ ಸಿಂಹವೂ ಇಲ್ಲ, ಅಕ್ಷರವೂ ಇಲ್ಲ. ಮುಂಬದಿ ಬರೀ ನುಣುಪು, ಹಿಂಬದಿಗೆ ಹಳದಿ ಹಕ್ಕಳೆ.

"ಇದು ಬಜಾರದ ನಕಲಿ ಮಾಲ ಅದರೀ, ಆಯಿ," ಎಂದುಬಿಟ್ಟೆ.

ಆಕೆ ಕೆಂಡವಾದರು. "ನಕಲಿ ಅಂತೀರಿ? ಅವರು ರಜಾದಾಗ ತಂದು ಕೊಟ್ಟಾಗಿಂದ ದೇವರ ಜಗಲಿ ಮ್ಯಾಲೇ ಅದರೀ. ವಾರಕ್ಕೊಮ್ಮಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ಭಂಡಾರ ಏರಿಸೀನಿ!"

ನಾಲಿಗೆ ಕಚ್ಚಿಕೊಂಡೆ. ಐವತ್ತು ವರ್ಷ ಬೂದಿಯಲ್ಲಿ ತಿಕ್ಕಿದರೆ ಯಾವ ಸಿಂಹ ತಾನೇ ಉಳಿದೀತು?

"ಹಿಂದಿನ ಮಗ್ಗಲಾನೂ ತಿಕ್ಕತಿದ್ರೇನ್ರೀ?"

"ಛೇ! ದೇವರ ಮಾರಿ, ಮುಂದಿನ ಮಗ್ಗಲಷ್ಟೇ ತಿಕ್ಕೋದು. ಬೆನ್ನಿಗಿ ಯಾರು ಕೈ ಹಚ್ತಾರ?"

ಕುರ್ಚಿಯಿಂದ ಜಿಗಿಯುವುದೊಂದು ಬಾಕಿ. ಸೈನ್ಯ ಕೊಟ್ಟ ನಕ್ಷತ್ರದ ಹಿಂಬದಿಯಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು ಇರುತ್ತವೆ. ನಂಬರು ಸಿಕ್ಕರೆ ಕಡತ ಸಿಕ್ಕಂತೆ. ಎದುರಿನ ಚಹಾದಂಗಡಿಯಿಂದ ಬಿಸಿನೀರು ತರಿಸಿ, ಮೆತ್ತನೆಯ ಬ್ರಷ್ ಹಿಡಿದು ಕೂತೆ. ದೀಪದ ಎಣ್ಣೆ, ಭಂಡಾರದ ಅರಿಶಿನಪುಡಿ ಸೇರಿ ಗಟ್ಟಿಯಾದ ಪದರ ಹದಿನೈದು ನಿಮಿಷ ಸತಾಯಿಸಿತು. ಮೊದಲು ಒಂದು ಅಂಕಿ ಇಣುಕಿತು, ಆಮೇಲೆ ಪೂರಾ ನಂಬರು, ಕೊನೆಗೆ ಹೆಸರು. ಓದಿ ಹೇಳಿದಾಗ ಭೀಮಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನಗೆ ಕಣ್ಣು ತುಂಬಿತು.

ನಂಬರು ರೆಕಾರ್ಡ್ ಆಫೀಸಿಗೆ ಹೋಯಿತು. ಕೆಲವೇ ವಾರಗಳಲ್ಲಿ ಉತ್ತರ ಬಂತು: ಮಾಳಪ್ಪ ಪೂರ್ವ ರಂಗದಲ್ಲಿ ಸೇವೆ ಸಲ್ಲಿಸಿದ್ದಾರೆ.

ಕಲ್ಲು ನಿಲ್ಲಿಸಿದ ದಿನ ನಾನೂ ಹೋಗಿದ್ದೆ. ಪ್ರತಿ ಮನೆಯವರೂ ತಮ್ಮ ಸೈನಿಕನ ಹೆಸರು ಹೇಳಬೇಕಿತ್ತು. ಗಂಡನ ಹೆಸರನ್ನು ಆವರೆಗೆ ಒಮ್ಮೆಯೂ ಬಾಯಿಗೆ ತಂದಿರದ ಭೀಮಾಬಾಯಿ ಮೈಕು ಪಕ್ಕಕ್ಕೆ ಸರಿಸಿ, ಇಡೀ ಊರಿಗೆ ಕೇಳುವಂತೆ ಕೂಗಿದರು: "ಸಿಪಾಯಿ ಮಾಳಪ್ಪ!"

ಈಗ ಯಾರು ಯಾವ ಪದಕ ತಂದರೂ ಭೂತಗನ್ನಡಿ ಹಿಡಿಯುವ ಮುಂಚೆ ಕೇಳುತ್ತೇನೆ: "ಮನ್ಯಾಗ ಇದನ್ನ ಎಲ್ಲಿ ಇಟ್ಟಿದ್ರಿ?"