ಬಿಟ್ಟಂಗಾಲದ ಕೆರೆಯಲ್ಲಿ ಎದುರುಗಾಳಿ

ಸ್ನೇಹಿತರೇ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕ್ಲಬ್ಬಿನ ಮೊದಲ ಹಾಯಿದೋಣಿ ಪಂದ್ಯ ಇವತ್ತು ನಡೆಯಿತು. ಈ ದಡದಿಂದ ಆ ದಡ ಮುಟ್ಟಬೇಕು, ಹುಟ್ಟು ಹಾಕುವಂತಿಲ್ಲ. ಇದ್ದದ್ದು ಎರಡೇ ದೋಣಿ, ನನ್ನದು ಮತ್ತು ಬೆಳ್ಯಪ್ಪನವರದು. ನಡುಕೆರೆಯಲ್ಲಿ ಗಾಳಿ ನಿಂತಿತು. ಒಂದು ಗಂಟೆ ಇಬ್ಬರೂ ಮುಖ ನೋಡಿಕೊಂಡು ಕೂತೆವು. ತೀರ್ಪುಗಾರರಾದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯ ಊಟಕ್ಕೆ ಹೋದರು.

ಆಮೇಲೆ ಎದುರುಗಾಳಿ ಎದ್ದಿತು. ಅದಕ್ಕೆ ಹಾಯಿ ತಿರುಗಿಸುವುದು ಇಬ್ಬರಿಗೂ ಬಾರದು. ಹೊರಟ ದಡಕ್ಕೇ ವಾಪಸಾದೆವು, ಬೆಳ್ಯಪ್ಪ ಮೊದಲು. ಊಟ ಮುಗಿಸಿ ಆಗಷ್ಟೇ ಅಲ್ಲಿಗೆ ಬಂದ ಸುಬ್ಬಯ್ಯ ಅವರಿಗೇ ಕಪ್ ಕೊಟ್ಟರು.

"ಇದು ನಾವು ಹೊರಟ ಜಾಗ ಮಾರಾಯ್ರೇ!" ಎಂದೆ.

"ಮೊದ್ಲು ಬಂದವರಿಗೆ ಕೊಡಿ ಅಂತ ನೀವೇ ಅಲ್ವಾ ಹೇಳಿದ್ದು?" ಎಂದರು ಸುಬ್ಬಯ್ಯ.

ಬೆಳ್ಯಪ್ಪ ಗಂಭೀರವಾಗಿ ನನ್ನ ಕೈ ಕುಲುಕಿದರು. ದಡ ಬಿಡದೇ ನಿಂತಿದ್ದರೆ ನಾನೇ ಗೆಲ್ಲುತ್ತಿದ್ದೆ.