ಬಿಚ್ಚಿಟ್ಟ ವಾಲ್ವ್

ನನ್ನ ಗಂಡ ತೀರಿಕೊಂಡ ದಿನ ಅವರ ಅಂಗಡಿಯ ಮೇಜಿನ ಮೇಲೆ ಒಂದು ಲಾರಿಯ ಬ್ರೇಕ್ ವಾಲ್ವ್ ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯಿತು. ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದವರು ಪಕ್ಕದ ಅಂಗಡಿಯ ಮೆಕ್ಯಾನಿಕ್. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಸಂಜೆ ಅವರೇ ಶಟರ್ ಎಳೆದು, ಬೀಗದ ಕೈ ತಂದು ನನಗೆ ಕೊಟ್ಟರು.

ಗಂಡ ಸೈನ್ಯದ ವರ್ಕ್‌ಶಾಪಿನಿಂದ ನಿವೃತ್ತರಾದಾಗ ನಮ್ಮೂರು ಕೊಡಗಿಗೆ ಹೋಗೋಣ ಅಂದಿದ್ದೆ. ಮಗಳ ಓದು ಮುಗಿಯಲಿ ಎಂದು ದೆಹಲಿಯಲ್ಲೇ ಉಳಿದು, ಲಾರಿಗಳು ತಂಗುವ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಆ ಅಂಗಡಿ ಹಿಡಿದರು. ಹಳೆಯ ಲಾರಿಗಳ ಗಾಳಿ ಬ್ರೇಕು, ಅದೊಂದೇ ಕೆಲಸ. ಸೋರುವ ವಾಲ್ವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ರಬ್ಬರ್ ರಿಂಗುಗಳನ್ನು ಬದಲಿಸಿ, ಮತ್ತೆ ಜೋಡಿಸುತ್ತಿದ್ದರು. ಕೊನೆಗೆ ಹಳೆಯ ಶೇವಿಂಗ್ ಬ್ರಷ್ಷಿನಿಂದ ಸುತ್ತಲೂ ಸಾಬೂನಿನ ನೊರೆ ಹಚ್ಚಿ ನೋಡುವುದು. ಗುಳ್ಳೆ ಎದ್ದರೆ ಇನ್ನೂ ಸೋರುತ್ತಿದೆ ಎಂದರ್ಥ.

ಶನಿವಾರ ಊಟ ಒಯ್ದಾಗ ನಾನು ಇದನ್ನೆಲ್ಲ ನೋಡುತ್ತ ಕೂರುತ್ತಿದ್ದೆ. ಬಿಚ್ಚಿದ ಭಾಗಗಳನ್ನು ತೆಗೆದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಾನು ಡಬ್ಬಿ ಇಡಲು ಹೋದರೆ, "ಆ ಕಡೆ ಇಡು ಮಾರಾಯ್ತಿ. ಒಂದು ರಿಂಗ್ ಉರುಳಿದ್ರೆ ಮೇಜಿನ ಕೆಳಗೆ ನೀನೇ ತೂರಬೇಕು" ಅನ್ನುತ್ತಿದ್ದರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಆ ಲಾರಿಯ ಚಾಲಕರು ಮನೆ ಹುಡುಕಿಕೊಂಡು ಬಂದರು. ಪಂಜಾಬಿನವರು, ಬಿಳಿ ಗಡ್ಡ. ಬಾಗಿಲಲ್ಲೇ ಕೈ ಮುಗಿದು ನಿಂತರು.

"ಭಾಭೀಜಿ, ಹದಿಮೂರು ದಿನ ಕಳೀಲಿ ಅಂತ ಕಾದೆ. ಗಾಡಿ ಅಲ್ಲೇ ನಿಂತಿದೆ."

"ಇಷ್ಟು ದಿನ ಎಲ್ಲಿದ್ರಿ?"

"ಕ್ಯಾಬಿನ್ನಲ್ಲೇ. ವಾಲ್ವ್ ಇಲ್ಲದೆ ಗಾಳಿ ನಿಲ್ಲಲ್ಲ, ಗಾಳಿ ಇಲ್ಲದೆ ಬ್ರೇಕು ಚಕ್ರ ಬಿಡಲ್ಲ."

ಹೊಸ ವಾಲ್ವ್ ಕೊಂಡುಕೊಳ್ಳಿ ಅಂದೆ. ನನ್ನ ದನಿ ಒರಟಾಗಿತ್ತು.

"ಈ ಬುಡ್ಢಾ ಗಾಡಿಗೆ ನಕಲಿ ಬಿಟ್ಟು ಬೇರೆ ಸಿಗಲ್ಲ. ನಕಲಿ ಹಾಕ್ಕೊಂಡು ಪಹಾಡ್, ಘಾಟಿ ಇಳೀಲಾ? ನಾಳೆ ಸಂಜೆಯೊಳಗೆ ಹೊರಡದಿದ್ರೆ ಬೇರೆ ಡ್ರೈವರ್ ಇಡ್ತೀನಿ ಅಂತಾನೆ ಮಾಲೀಕ. ಈ ವಯಸ್ಸಿಗೆ ನನಗೆ ಇನ್ನೊಂದು ಗಾಡಿ ಯಾರು ಕೊಡ್ತಾರೆ?"

ನೋಡೋಣ ಎಂದು ಹೇಳಿ ಕಳುಹಿಸಿದೆ. ನನಗೆ ಆ ಶಟರ್ ತೆರೆಯುವುದು ಬೇಕಿರಲಿಲ್ಲ. ಮನೆಯಲ್ಲಿ ಅವರು ಇಟ್ಟಂತೆ ಯಾವುದೂ ಉಳಿದಿರಲಿಲ್ಲ. ಬಂದ ನೆಂಟರು ಅವರ ಬಟ್ಟೆ ಒಗೆದು ಮಡಚಿದ್ದರು, ಹಾಸಿಗೆ ಸುತ್ತಿದ್ದರು, ಕನ್ನಡಕವನ್ನು ಯಾರೋ ಡಬ್ಬಿಗೆ ಹಾಕಿದ್ದರು. ಅವರ ಕೈ ಇಟ್ಟದ್ದು ಇಟ್ಟ ಹಾಗೆ ಇದ್ದದ್ದು ಆ ಮೇಜಿನ ಮೇಲೆ ಮಾತ್ರ.

ಮಗಳು ಸುಮ್ಮನಿರಲಿಲ್ಲ. "ಅಮ್ಮಾ, ಪಾಪಾ ಆದ್ರೆ ಅವರನ್ನ ಐಸೇ, ಬರೀಗೈಲಿ ವಾಪಸ್ ಕಳಿಸ್ತಿದ್ರಾ? ಬೋಲೋ ನಾ."

"ನಿನಗೆ ಗೊತ್ತಾಗಲ್ಲ" ಅಂದೆ.

"ಅಚ್ಛಾ, ನನಗೆ ಗೊತ್ತಾಗಲ್ಲ" ಎಂದು ಎದ್ದು ಒಳಗೆ ಹೋದಳು. ಅವಳೂ ತಂದೆಯನ್ನು ಕಳೆದುಕೊಂಡವಳು ಎನ್ನುವುದು ಆ ಹದಿನಾಲ್ಕು ದಿನಗಳಲ್ಲಿ ನನಗೆ ಎಷ್ಟೋ ಸಲ ಮರೆತುಹೋಗಿತ್ತು.

ಮರುದಿನ ಇಬ್ಬರೂ ಹೋದೆವು. ಶಟರ್ ಎತ್ತಿದಾಗ ಪತ್ರಿಕೆ, ಅದರ ಮೇಲಿನ ಸಾಲು, ಹೊಸ ರಿಂಗುಗಳು ಎಲ್ಲವೂ ಹಾಗೇ ಇದ್ದವು. ತೆಳ್ಳಗೆ ಧೂಳು ಕೂತಿತ್ತು. ಉಸ್ತಾದರು ಮೇಜಿನ ಮುಂದೆ ನಿಂತು ಕೇಳಿದರು, "ಮುಟ್ಟಲಾ ಭಾಭೀಜಿ?" ನಾನು ಹೂಂ ಎಂದು ತಲೆಯಾಡಿಸಿ ಹೊರಗೆ ನೋಡಿದೆ.

ಕೊನೆಗೆ ತೆಗೆದದ್ದನ್ನು ಮೊದಲು ಹಾಕಬೇಕು ಎಂದು ಉಸ್ತಾದರು ಸಾಲಿನ ಬಲತುದಿಯಿಂದ ಜೋಡಿಸಿದರು. ದೊಡ್ಡ ಭಾಗಗಳ ಆಕಾರ ನೋಡಿದರೇ ಜಾಗ ತಿಳಿಯುತ್ತಿತ್ತಂತೆ. ಲಾರಿಗೆ ಕೂರಿಸಿ, ಎಂಜಿನ್ ಶುರು ಮಾಡಿ, ಗಾಳಿ ತುಂಬಿಸಿ, ನೊರೆ ಹಚ್ಚಿದರು. ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

"ರಿಂಗೇ ಖರಾಬ್" ಎಂದರು ಉಸ್ತಾದ್. ಚಾಲಕರು ಫುಟ್‌ಬೋರ್ಡಿನ ಮೇಲೆ ಕುಳಿತುಬಿಟ್ಟರು.

ಮತ್ತೆ ಬಿಚ್ಚಿದಾಗ ನಾನು ಹತ್ತಿರ ಹೋದೆ. ಎರಡು ರಿಂಗುಗಳು ನೋಡಲು ಒಂದೇ ಥರ. ಬೆರಳಲ್ಲಿ ಹಿಡಿದರೆ ಒಂದು ಇನ್ನೊಂದಕ್ಕಿಂತ ಸ್ವಲ್ಪ ದಪ್ಪ. ಆಗ ಹೊಳೆಯಿತು. ಊಟ ಮಾತ್ರ ಬಲಗೈಯಲ್ಲಿ ಮಾಡುವಂತೆ ನನ್ನ ಗಂಡನಿಗೆ ಅವರ ತಾಯಿ ರೂಢಿ ಮಾಡಿಸಿದ್ದರು, ಉಳಿದ ಕೆಲಸಕ್ಕೆಲ್ಲ ಎಡಗೈ. ಮನೆಯ ನಲ್ಲಿ ಬಿಚ್ಚಿದಾಗಲೂ ಬಲದಿಂದ ಎಡಕ್ಕೇ ಇಡುತ್ತ ಬರುತ್ತಿದ್ದರು.

"ಉಸ್ತಾದ್‌ಜಿ, ಅವರು ಮೊದಲು ತೆಗೆದದ್ದು ಬಲಗಡೆಯದು. ಕೊನೆಯದು ಎಡಗಡೆ. ಆ ಎರಡು ರಿಂಗ್ ಅದಲುಬದಲಾಗಿವೆ."

ಉಸ್ತಾದರು ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ಪಕ್ಕದಲ್ಲಿ ಕೂತು ಇದೇ ಮರೆತೆ. ಸಾಲಾ ಮದ್ರಾಸಿ, ಹೋದಮೇಲೂ ಉಲ್ಟಾ!" ಎಂದವರು ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡರು. ಮಗಳು ನಕ್ಕುಬಿಟ್ಟಳು. ನಗುತ್ತಲೇ ಅವಳ ಕಣ್ಣು ತುಂಬಿತು. ನಾನು ಅವಳ ಕೈ ಹಿಡಿದುಕೊಂಡೆ.

ಈ ಸಲ ನೊರೆ ಹಾಗೇ ಕೂತಿತ್ತು, ಒಂದು ಗುಳ್ಳೆಯೂ ಇಲ್ಲ. ಚಾಲಕರು ನಾಲ್ಕೈದು ಸಲ ಪೆಡಲ್ ತುಳಿದು ನೋಡಿದರು, ಇಳಿದು ಬಂದು ನನ್ನ ಕಾಲು ಮುಟ್ಟಲು ಬಾಗಿದರು. ನನಗಿಂತ ಹಿರಿಯರು, ನಾನು ಹಿಂದೆ ಸರಿದೆ.

"ಚಲೋ ಭಾಭೀಜಿ. ನಿಮ್ಮೋರ ಕೈಕೆಲಸ ಹಾಕ್ಕೊಂಡು ಹೊರಟೆ" ಎಂದು ಹತ್ತಿದರು.

ಮೇಜಿನ ಮೇಲೆ ಪತ್ರಿಕೆ ಮಾತ್ರ ಉಳಿದಿತ್ತು. ಭಾಗಗಳಿದ್ದ ಕಡೆಯೆಲ್ಲ ಎಣ್ಣೆಯ ಗುರುತು, ಬಲದಿಂದ ಎಡಕ್ಕೆ. ಉಸ್ತಾದರು ಯಾರೊಂದಿಗೋ ಮಾತಾಡುತ್ತಲೇ ಅದನ್ನು ಎಳೆದುಕೊಂಡು ಕೈ ಒರೆಸಿದರು, ಮುದ್ದೆ ಮಾಡಿ ಮೂಲೆಯ ಕಸಕ್ಕೆ ಎಸೆದರು. ಅಂಗಡಿಗಳಲ್ಲಿ ಎಲ್ಲರೂ ಮಾಡುವ ಕೆಲಸವೇ. ನಾನು ಏನೋ ಹೇಳಹೊರಟೆ. ಲಾರಿಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅದು ಗೇಟಿನ ಬಳಿ ಒಮ್ಮೆ ನಿಂತು, ತಿರುಗಿ, ಹೆದ್ದಾರಿಯ ಕಡೆ ಹೋಯಿತು.