ವರದಿಗೆ ಸೇರದ ಒಂದು ದಾರಿ

ನಂಜನಗೂಡಿನ ಕೋರ್ಟಿನಲ್ಲಿ ನಾನು ಜೂನಿಯರ್ ಆಗಿ ಸೇರಿದ್ದು ಒಬ್ಬ ಹಿರಿಯ ವಕೀಲೆಯ ಬಳಿ. ನನ್ನೂರು ತಿರುಮಕೂಡಲು ನರಸೀಪುರ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಸಂಜೆ ಬಸ್ಸಿನಲ್ಲೇ ವಾಪಸಾಗುತ್ತಿದ್ದೆ. ಮೇಡಂ ಮಾತು ಕಡಿಮೆ. ಹಳ್ಳಿಯಿಂದ ಬಂದ ಬಡ ಹೆಂಗಸರ ಹತ್ತಿರ ಫೀಸು ಕೇಳಲು ಅವರಿಗೆ ಬಾಯೇ ಬರುತ್ತಿರಲಿಲ್ಲ. ಆದ್ದರಿಂದ ನಮ್ಮ ಆಫೀಸಿನಲ್ಲಿ ಜನ ಯಾವಾಗಲೂ ತುಂಬಿರುತ್ತಿದ್ದರು, ಬಾಡಿಗೆ ಮಾತ್ರ ಯಾವಾಗಲೂ ತಡವಾಗುತ್ತಿತ್ತು.

ಬೆಂಗಳೂರಿನ ಒಂದು ಪ್ರತಿಷ್ಠಾನ ಉಚಿತ ಕಾನೂನು ನೆರವು ನೀಡುವ ಸಣ್ಣ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ ಎಂದು ಯಾರೋ ಹೇಳಿದರು. ಮೇಡಂ ಹೆಸರಿನಲ್ಲಿ ಮೊದಲೇ ಒಂದು ಟ್ರಸ್ಟ್ ಇತ್ತು. ಇಬ್ಬರೂ ಕೂತು ಅರ್ಜಿ ಬರೆದೆವು. ಇಂಗ್ಲಿಷಿನಲ್ಲಿ ಬರೆಯಬೇಕಿತ್ತು, ನಮ್ಮ ಕೆಲಸ ಆ ಭಾಷೆಯಲ್ಲಿ ಯಾಕೋ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಮೂರು ವರ್ಷಕ್ಕೆ ಮಂಜೂರಾಯಿತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಎರಡು ಬೆಂಚು, ಒಂದು ಫ್ಯಾನು, ಕುಡಿಯುವ ನೀರಿನ ಕ್ಯಾನು ಇಟ್ಟು ಕೇಂದ್ರ ಶುರು ಮಾಡಿದೆವು. ನನಗೆ ಮೊದಲ ಬಾರಿಗೆ ತಿಂಗಳ ಸಂಬಳ ಅಂತ ಒಂದು ಬಂತು. ಅಮ್ಮ ಅದನ್ನು ಕೇರಿಯವರಿಗೆಲ್ಲ ಹೇಳಿಕೊಂಡು ಬಂದಳು.

ಹೆಡತಲೆ ಎಂಬ ಹಳ್ಳಿಯ ಹೆಂಗಸೊಬ್ಬಳು ನಮ್ಮಲ್ಲಿಗೆ ಬಂದದ್ದು ಎರಡನೇ ವರ್ಷದ ನಾಟಿ ಕಾಲದಲ್ಲಿ. ನಲವತ್ತರ ಆಚೀಚೆ ವಯಸ್ಸು. ಗಂಡ ಹೃದಯಾಘಾತದಿಂದ ತೀರಿಕೊಂಡಿದ್ದ. ನಾಲೆ ಕೆಳಗೆ ಸ್ವಲ್ಪ ಗದ್ದೆ ಇತ್ತು, ಅದನ್ನು ತಾನೇ ಮಾಡಿಸುತ್ತಿದ್ದಳು. ಗದ್ದೆಗೆ ಹೋಗಬೇಕಾದರೆ ಪಕ್ಕದ ಯಜಮಾನರ ಬಾಳೆ ತೋಟದ ಅಂಚಿನಲ್ಲೇ ಹಾದು ಹೋಗಬೇಕು. ಮಾವನ ಕಾಲದಿಂದ ಹಾಗೇ ಓಡಾಡಿದ ದಾರಿ. ಈಗ ಆ ಯಜಮಾನರು ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು.

"ಪೈರ್ ಕಟ್ಟು ತಲೆ ಮೇಲೆ ಒತ್ಕಂಡು ನಾಲೆ ಏರಿ ಮೇಲೆ ಸುತ್ಕಂಡ್ ಓಯ್ತಾ ಇವ್ನಿ ಲಾಯರಮ್ಮ. ಮೊನ್ನೆ ಜಾರಿ ಬಿದ್ದೆ," ಎಂದು ತರಚಿದ ಮೊಣಕೈ ತೋರಿಸಿದಳು. "ಒಂದ್ ನೋಟಿಸ್ ಕೊಡ್ಸಿ."

ನಾನು ಅವತ್ತೇ ದಾವೆಯ ಕರಡು ಬರೆಯಲು ಕೂತೆ. ದಾರಿ ಹಕ್ಕಿನ ಕೇಸು, ತಡೆಯಾಜ್ಞೆಯ ಅರ್ಜಿ, ಎಲ್ಲ ನೇರವಾಗಿತ್ತು. ಪ್ರತಿಷ್ಠಾನಕ್ಕೆ ಕಳಿಸುವ ವರದಿಯಲ್ಲಿ ಎಷ್ಟು ಕೇಸು ಹಾಕಿದಿರಿ, ಎಷ್ಟು ಆದೇಶ ಬಂತು ಎಂದು ಕೇಳುತ್ತಿದ್ದರು. ಅದಕ್ಕೂ ಒಳ್ಳೆಯದಾಯಿತು ಅಂದುಕೊಂಡೆ. ಮೇಡಂ ಕರಡನ್ನು ಓದಿ ಪಕ್ಕಕ್ಕಿಟ್ಟರು.

"ಚೆನ್ನಾಗಿ ಬರೆದಿದ್ದೀಯ. ಜಾಗ ನೋಡಿದ್ದೀಯಾ?"

"ಇಲ್ಲ ಮೇಡಂ."

"ಹಾಗಾದರೆ ಮೊದಲು ಹೋಗಿ ನೋಡಿಕೊಂಡು ಬಾ."

ಮಾರನೇ ದಿನ ಹೋದೆ. ಆಕೆ ಬಸ್ ಸ್ಟಾಪಿನಲ್ಲೇ ಕಾದಿದ್ದಳು. ನಾವು ತಂತಿಯ ಹತ್ತಿರ ಹೋಗುವಷ್ಟರಲ್ಲಿ ಯಜಮಾನರೂ ಅಲ್ಲಿಗೆ ಬಂದರು. ಎಪ್ಪತ್ತು ದಾಟಿದ, ಎತ್ತರದ ಮನುಷ್ಯ. ಹೆಗಲ ಮೇಲೆ ಟವಲು. ನನ್ನ ಕಪ್ಪು ಕೋಟನ್ನು ನಾನು ಚೀಲದಲ್ಲೇ ಇಟ್ಟುಕೊಂಡಿದ್ದರೂ ಅವರಿಗೆ ವಿಷಯ ಗೊತ್ತಾಗಿಬಿಟ್ಟಿತ್ತು.

"ಕೋರ್ಟ್‌ಗೆ ಆಕ್ತೀರಾ? ಆಕಿ," ಎಂದರು. "ಆದ್ರೆ ಇಲ್ಲೊಂದ್ಸಲ ನೋಡ್ಬುಟ್ ಓಗಿ."

ತಂತಿಯ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಅಂಚಿನ ಬಾಳೆ ಸಾಲು ಉದ್ದಕ್ಕೂ ಮುರಿದು ಮಲಗಿತ್ತು. ಗೊನೆ ಬಿಡುವ ಹೊತ್ತಿನ ಗಿಡಗಳು. ಮಣ್ಣಿನಲ್ಲಿ ಟ್ರಾಕ್ಟರ್ ಚಕ್ರದ ಅಚ್ಚು ಒಣಗಿ ಗಟ್ಟಿಯಾಗಿತ್ತು.

"ಇವ್ಳ ಗಂಡ ಇದ್ದಾಗ ಎತ್ತು ಒಡ್ಕಂಡ್ ಓಯ್ತಿದ್ದ. ಒಂದ್ ಎಲೆ ಅರೀತಿರ್ನಿಲ್ಲ. ಈಗ ಬಾಡ್ಗೆ ಟ್ರಾಕ್ಟರ್ ಬುಟ್ಟವ್ಳೆ. ಬಂದ್ ಒಂದ್ ಮಾತು ಏಳಿದ್ಲಾ ಕೇಳಿ."

ಆಕೆ ಮುರಿದ ಗಿಡಗಳನ್ನು ನೋಡುತ್ತ ನಿಂತುಬಿಟ್ಟಳು. ಅವಳಿಗೆ ಅದು ತಿಳಿದೇ ಇರಲಿಲ್ಲ. ಟ್ರಾಕ್ಟರಿನವನು ಉತ್ತು ಬಾಡಿಗೆ ಇಸಿದುಕೊಂಡು ಹೋಗಿದ್ದ. ಮಾರನೇ ವಾರ ಇವಳು ಬಂದು ನೋಡಿದರೆ ಎದುರಿಗೆ ತಂತಿ.

"ನನ್ಗೇನ್ ಗೊತ್ತು ಮಾವ? ಕರೆದು ಬೈದಿದ್ರೆ ಆಯ್ತಿರ್ನಿಲ್ವಾ?" ಎಂದಳು. ಅವಳ ದನಿ ಸಣ್ಣಗಾಗಿತ್ತು.

"ಗಂಡ ಓದ ಮನೆ ಮುಂದೆ ನಿಂತ್ಕಂಡ್ ಬೈಯ್ಲಾ?" ಎಂದರು ಅವರು.

ಅಲ್ಲಿಗೆ ಅರ್ಧ ಜಗಳ ಮುಗಿದ ಹಾಗಾಯಿತು. ಬಾಳೆಯ ನೆರಳಲ್ಲಿ ಕೂತು ಮಾತಾಡಿದೆವು. ತಲೆಹೊರೆಗೂ ಎತ್ತಿನ ಗಾಡಿಗೂ ದಾರಿ ಬಿಡುವುದು, ಟ್ರಾಕ್ಟರ್ ಬೇಕಾದರೆ ಅವರಿಗೆ ಮೊದಲು ಹೇಳಿ ಅವರ ಎದುರಿಗೇ ಹಾಯಿಸುವುದು. ಯಜಮಾನರು ಒಪ್ಪಿ ಆವಾಗಲೇ ಎರಡು ಕಂಬದ ನಡುವಿನ ತಂತಿ ಬಿಚ್ಚಿದರು. ನಾನು ಸಂತೋಷದಿಂದ ಚೀಲ ಹೆಗಲಿಗೆ ಹಾಕಿಕೊಂಡೆ. ಆಗ ಆಕೆ ನನ್ನ ಸೆರಗು ಹಿಡಿದಳು.

"ಇದ್ನ ಪತ್ರ ಮಾಡ್ಸಿ, ರಿಜಿಸ್ಟರ್ ಮಾಡ್ಸಿಕೊಡಿ."

ಯಜಮಾನರ ಮುಖ ಕಪ್ಪಿಟ್ಟಿತು. "ನನ್ ಮಾತ್ ಮೇಲೆ ನಂಬ್ಕೆ ಇಲ್ವಾ?"

"ನಿಮ್ ಮೇಲೆ ಅದೆ ಮಾವ. ಆದ್ರೆ ನನ್ ಗಂಡನ್ಗೂ ನಿಮ್ಗೂ ಇದ್ದ ಮಾತು ಅವ್ರ್ ಜೊತೆಗೇ ಓಯ್ತಲ್ಲ. ನಾಳೆ ನಿಮ್ ಮಕ್ಳು ತಂತಿ ಎಳೆದ್ರೆ ನಾನ್ ಯಾರ್ನ ಕೇಳ್ಲಿ?"

ಅವರು ಟವಲು ಕೊಡವಿಕೊಂಡು ತೋಟದೊಳಕ್ಕೆ ನಡೆದರು. ರಿಜಿಸ್ಟರ್ ಎಂದರೆ ಜಮೀನನ್ನೇ ಬರೆದುಕೊಟ್ಟ ಹಾಗೆ ಎಂದು ಅವರಿಗೆ ಅನಿಸಿರಬೇಕು. ಆಮೇಲೆ ನಾನು ಹಲವು ಸಲ ಹೋಗಿ ವಿವರಿಸಿದೆ. ಕಾಫಿ ಕೊಡುತ್ತಿದ್ದರು, ಬಾಳೆಹಣ್ಣು ಕೊಡುತ್ತಿದ್ದರು, ಪತ್ರದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ದಾರಿಯೇನೋ ತೆರೆದೇ ಇತ್ತು. ಆಕೆ ಓಡಾಡುತ್ತಿದ್ದಳು. ಆದರೂ ಪ್ರತಿ ಸಂತೆಗೆ ನಂಜನಗೂಡಿಗೆ ಬಂದಾಗ ಕೇಂದ್ರದ ಬಾಗಿಲಲ್ಲಿ ನಿಂತು, "ಪತ್ರ ಏನಾಯ್ತು?" ಎಂದು ಕೇಳಿಯೇ ಹೋಗುತ್ತಿದ್ದಳು.

ಮೂರನೇ ವರ್ಷ ಪ್ರತಿಷ್ಠಾನದಿಂದ ಒಬ್ಬ ಅಧಿಕಾರಿ ಬಂದರು. ಅನುದಾನವನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಿ ಹೇಳುವುದು ಅವರ ಕೆಲಸ. ನನಗಿಂತ ಸ್ವಲ್ಪ ದೊಡ್ಡವರು, ಮೃದು ಮಾತಿನವರು. ಯಾರಾದರೂ ಫಲಾನುಭವಿಯನ್ನು ಭೇಟಿ ಮಾಡಬೇಕು ಎಂದರು. ಮೇಡಂ ಹೆಡತಲೆಗೆ ಕರೆದುಕೊಂಡು ಹೋಗೋಣ ಎಂದಾಗ ನನಗೆ ಆಶ್ಚರ್ಯವಾಯಿತು. ಕೋರ್ಟಿನಲ್ಲಿ ಗೆದ್ದವರು ಬೇರೆ ಇದ್ದರು.

ಆಕೆ ಕೊಯ್ಲಿನ ಕೆಲಸ ಬಿಟ್ಟು ಬಂದು ಅಧಿಕಾರಿಗೆ ದಾರಿಯುದ್ದಕ್ಕೂ ತೋರಿಸಿದಳು. ಅವರು ಗದ್ದೆಯ ತನಕ ನಡೆದರು. ಶೂಗೆ ಕೆಸರು ಮೆತ್ತಿಕೊಂಡರೂ ಗೊಣಗಲಿಲ್ಲ.

"ಕೇಂದ್ರದಿಂದ ನಿಮಗೆ ಏನು ಅನುಕೂಲ ಆಯಿತಮ್ಮ?" ಎಂದು ಕೇಳಿದರು.

"ದಾರಿ ಬುಟ್ರು ಸಾ. ಪತ್ರ ಇನ್ನೂ ಆಗಿಲ್ಲ," ಎಂದಳು ಆಕೆ. ಇನ್ನಷ್ಟು ಹೊಗಳಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಧಿಕಾರಿ ತಮ್ಮ ವರದಿಯ ನಮೂನೆ ತೆಗೆದು ತಿರುವಿ ನೋಡಿದರು. ಆಮೇಲೆ, "ಮೇಡಂ, ಕೇಸು ಹಾಕಿಲ್ಲ, ಆದೇಶ ಇಲ್ಲ, ಪತ್ರವೂ ಆಗಿಲ್ಲ. ಇದನ್ನು ನಾನು ಎಲ್ಲಿ ತೋರಿಸಲಿ?" ಎಂದರು. ಕೇಳಿದ ರೀತಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತೋಚದೆ ಕೇಳಿದ್ದರು.

"ತೋರಿಸೋಕೆ ಜಾಗ ಇಲ್ಲದಿದ್ದರೆ ಬಿಡಿ," ಎಂದರು ಮೇಡಂ. "ನೀವು ಕೊಟ್ಟ ದುಡ್ಡಲ್ಲಿ ಈ ಹುಡುಗಿ ಅಷ್ಟು ಸಲ ಆ ಊರಿಗೆ ಹೋಗಿ ಬಂದಳು. ಅದು ನಿಮಗೆ ಗೊತ್ತಿರಲಿ ಅಂತ ಕರಕೊಂಡು ಬಂದೆ."

ಅವರು ತಲೆಯಾಡಿಸಿದರು. ಒಳ್ಳೆಯದನ್ನೇ ಬರೆದಿರಬೇಕು. ಆದರೆ ಪ್ರತಿಷ್ಠಾನವೇ ತನ್ನ ಕೆಲಸದ ದಿಕ್ಕನ್ನು ಬದಲಿಸಿತು. ಇನ್ನು ಮುಂದೆ ಮೊಬೈಲಿನಲ್ಲಿ ಕಾನೂನು ಸಲಹೆ ಕೊಡುವ ಯೋಜನೆಗಳಿಗೆ ಮಾತ್ರ ನೆರವು ಎಂದು ತಿಳಿಸಿದರು. ಅಧಿಕಾರಿ ತಾವೇ ಫೋನ್ ಮಾಡಿ ಬೇಸರ ಹೇಳಿಕೊಂಡರು. ಮೇಡಂ, "ಮೂರು ವರ್ಷ ನಡೆಸಿಕೊಟ್ಟಿರಿ, ಸಣ್ಣ ಮಾತಲ್ಲ," ಎಂದು ಅವರನ್ನೇ ಸಮಾಧಾನ ಮಾಡಿದರು.

ಕೋಣೆ ಖಾಲಿ ಮಾಡಿದೆವು. ಬೆಂಚುಗಳನ್ನು ಪಕ್ಕದ ಅಂಗನವಾಡಿಗೆ ಕೊಟ್ಟೆವು. ಮೇಡಂ ತಮ್ಮ ಹಳೇ ಆಫೀಸಿಗೆ ಮರಳಿದರು, ನಾನು ನರಸೀಪುರದ ಕೋರ್ಟಿನಲ್ಲಿ ಸ್ವಂತ ಪ್ರಾಕ್ಟೀಸು ಶುರು ಮಾಡಿದೆ. ಸಂಬಳ ನಿಂತದ್ದಕ್ಕಿಂತ ಹೆಚ್ಚಾಗಿ, ಆ ಕೋಣೆಯ ಬಾಗಿಲಿಗೆ ಬಂದು ಬೀಗ ನೋಡಿ ತಿರುಗಿ ಹೋಗುವವರ ಯೋಚನೆ ನನ್ನನ್ನು ಕಾಡುತ್ತಿತ್ತು. ಆಮೇಲೆ ಅದೂ ಅಭ್ಯಾಸವಾಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಕೋರ್ಟಿನ ಆವರಣದ ಹೊಂಗೆ ಮರದ ಕೆಳಗೆ ಹೆಡತಲೆಯ ಯಜಮಾನರು ಕೂತಿದ್ದರು. ತುಂಬ ಇಳಿದುಹೋಗಿದ್ದರು. ನಂಜನಗೂಡಿನಲ್ಲಿ ವಿಚಾರಿಸಿ, ಮೇಡಂ ಹೇಳಿದ ಗುರುತಿನ ಮೇಲೆ ನನ್ನನ್ನು ಹುಡುಕಿಕೊಂಡು ಬಂದಿದ್ದರು.

"ಮೈಸೂರಲ್ಲಿ ಒಟ್ಟೆ ಆಪ್ರೇಸನ್ ಆಯ್ತು ಕಣವ್ವ," ಎಂದರು. "ಮಕ್ಳಿಬ್ರೂ ಮಂಚದ್ ಪಕ್ಕದಲ್ಲೇ ಕುಂತ್ಕಂಡು ತ್ವಾಟ ಎಂಗ್ ಪಾಲ್ ಮಾಡ್ಕಳದು ಅಂತ ಮಾತಾಡ್ತಿದ್ರು. ನಾನು ನಿದ್ದೆ ಮಾಡ್ತಾ ಇವ್ನಿ ಅಂದ್ಕಂಡಿದ್ರು. ಆಗ ಆ ಎಣ್ಮಗಳು ಏಳಿದ್ ಮಾತು ಗೆಪ್ತಿಗ್ ಬಂತು. ಆ ಪತ್ರ ಮಾಡ್ಸ್ಬುಡಿ."

ಎಳನೀರು ತರಿಸಿಕೊಟ್ಟೆ. ನಿಧಾನವಾಗಿ ಕುಡಿದು, "ನಿಮ್ ಆಫೀಸ್ ಮುಚ್ಬುಟ್ರಂತೆ," ಎಂದು ನನ್ನನ್ನೇ ಕನಿಕರದಿಂದ ನೋಡಿದರು.

ನಂಜನಗೂಡಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತು. ಮೇಡಂ ಪತ್ರ ಬರೆದರು, ನಾನು ಸಾಕ್ಷಿ ಹಾಕಿದೆ. ಮಕ್ಕಳನ್ನೂ ಕರೆಸಿ ಒಪ್ಪಿಗೆಯ ರುಜು ಹಾಕಿಸಿದರು ಯಜಮಾನರು. ದೊಡ್ಡ ಮಗ ಮುಖ ಊದಿಸಿಕೊಂಡೇ ರುಜು ಹಾಕಿದ. ಫೋಟೊಗೆ ಕ್ಯಾಮೆರಾ ಮುಂದೆ ಕೂರುವಾಗ ಹೆಡತಲೆಯ ಆಕೆ ತಲೆ ಮೇಲೆ ಸೆರಗು ಹೊದ್ದುಕೊಂಡಳು. ಗುಮಾಸ್ತ ಮುಖ ಕಾಣಲಿ ಎಂದ ಮೇಲೆ ನಗುತ್ತಾ ಸರಿಸಿದಳು. ಹೊರಗೆ ಬಂದು ಪತ್ರದ ರಶೀದಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಬಗ್ಗಿ ಯಜಮಾನರ ಕಾಲು ಮುಟ್ಟಲು ಹೋದಳು.

"ಇದೆಲ್ಲ ಬ್ಯಾಡ ಕಣಮ್ಮಿ, ಏಳು," ಎಂದು ಅವರು ಹಿಂದೆ ಸರಿದರು. "ವಸಿ ಕಾಪಿ ಕುಡ್ಸು, ಸಾಕು."

ಎಲ್ಲರೂ ಎದುರಿನ ಹೋಟೆಲಿಗೆ ಹೋದೆವು. ದೊಡ್ಡ ಮಗನೂ ಬಂದ.

ಅವತ್ತು ರಾತ್ರಿ ಮನೆಗೆ ಬಂದು ಪ್ರತಿಷ್ಠಾನದ ಆ ಅಧಿಕಾರಿಗೆ ಎರಡು ಸಾಲಿನ ಸಂದೇಶ ಕಳಿಸಿದೆ. ಅವರು ಆಗಲೇ ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದ್ದರು. "ಸಂತೋಷ. ಇನ್ನು ಯಾರಿಗೂ ವರದಿ ಮಾಡಬೇಕಾಗಿಲ್ಲ, ಆದರೂ ಹೇಳಿದ್ದು ಒಳ್ಳೆಯದಾಯಿತು," ಎಂದು ಬರೆದಿದ್ದರು. ಕೆಲವು ತಿಂಗಳ ಮೇಲೆ, ಸಣ್ಣ ಊರುಗಳ ವಕೀಲರಿಗೆ ನೆರವಾಗುವ ಇನ್ನೊಂದು ನಿಧಿಯ ವಿಷಯವನ್ನು ಅವರೇ ನಮಗೆ ತಿಳಿಸಿದರು.

ಆ ನಿಧಿಯಿಂದ ಈಗ ಒಂದು ವರ್ಷದ ಮಟ್ಟಿಗೆ ಸಹಾಯ ಸಿಕ್ಕಿದೆ, ಮೊದಲಿನದಕ್ಕಿಂತ ಬಹಳ ಕಡಿಮೆ. ನರಸೀಪುರದಲ್ಲಿ ನನ್ನ ಆಫೀಸಿನಲ್ಲೇ ಶನಿವಾರ ಕೂರುತ್ತೇವೆ. ಮೇಡಂ ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ಹೋದ ವಾರ ಚಿಕ್ಕಯ್ಯನಛತ್ರದ ಕಡೆಯಿಂದ ಅಕ್ಕತಂಗಿಯರಿಬ್ಬರು ಬಂದಿದ್ದರು, ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬ ವ್ಯಾಜ್ಯ. ಇಬ್ಬರಿಗೂ ಅಮ್ಮ ತಂತಮ್ಮ ಮನೆಯಲ್ಲೇ ಇರಬೇಕಂತೆ. ಅಮ್ಮನನ್ನು ಕೇಳಿದಿರಾ ಎಂದರು ಮೇಡಂ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರುವ ಶನಿವಾರ ಅಮ್ಮನನ್ನೂ ಕರೆದುಕೊಂಡು ಬರುತ್ತಾರೆ.